ಎರಡೂವರೆ ಮೀಟರ್ ಬಟ್ಟೆ ಉಂಟು, ಕುರ್ತಿ ಆಗ್ತದಾ?

ಮನೆಯಲ್ಲಿ ಹೊಲಿಯುತ್ತೇನೆ ಎಂದು ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಮಂಗಳೂರಿನ ಹಂಪನಕಟ್ಟೆಯಿಂದಲೋ ಉಡುಪಿಯ ರಥಬೀದಿಯಿಂದಲೋ ತಂದ ಬಟ್ಟೆ ಕಪಾಟಿನಲ್ಲಿ ಮಡಚಿಟ್ಟ ಹಾಗೆಯೇ ಇರುತ್ತದೆ, ಕತ್ತರಿ ಹಾಕಲು ಧೈರ್ಯ ಬರುವುದಿಲ್ಲ. ನಾನು ತಿರುಗಿ ಕೇಳುವುದು ಒಂದೇ: ಪನ್ನ ಎಷ್ಟು? ಅಂದರೆ ಬಟ್ಟೆಯ ಅಗಲ. ಅದು ಗೊತ್ತಾಗದೆ ಮೀಟರಿನ ಲೆಕ್ಕಕ್ಕೆ ಅರ್ಥವಿಲ್ಲ.

ಎದೆ 38, ಹಿಪ್ 40, ಉದ್ದ 44 ಇಂಚಿನ ನೇರ ಕುರ್ತಿ, ಮುಕ್ಕಾಲು ತೋಳು ಎಂದಿಟ್ಟುಕೊಳ್ಳಿ. ಹಿಪ್ಪಿನ ಅರ್ಧ 20, ಸಡಿಲಕ್ಕೆ 2, ಎರಡು ಬದಿಯಲ್ಲಿ ಹೊಲಿಗೆಗೆ ಬಿಡುವ ಮಾರ್ಜಿನ್‌ಗೆ 2, ಒಟ್ಟು 24 ಇಂಚು ಒಂದು ಭಾಗದ ಅಗಲ. ಉದ್ದಕ್ಕೆ ಹೆಗಲಿನ ಮಾರ್ಜಿನ್ 1, ಕೆಳಗೆ ಮಡಚಲು 2 ಸೇರಿ 47. ಪನ್ನ 44 ಆದರೆ ಎದುರು ಮತ್ತು ಹಿಂಬದಿ ಅಕ್ಕಪಕ್ಕ ಹಿಡಿಸುವುದಿಲ್ಲ. ಒಂದರ ಕೆಳಗೆ ಒಂದು ಇಡಬೇಕು, 94 ಇಂಚು ಹೋಯಿತು. ಎರಡೂವರೆ ಮೀಟರ್ ಎಂದರೆ 98 ಇಂಚು ಚಿಲ್ಲರೆ. ನೀರು ಕುಡಿದು ನೂರಕ್ಕೆ ನಾಲ್ಕರಷ್ಟು ಕುಗ್ಗಿದರೆ ಉಳಿಯುವುದು ತೊಂಬತ್ತನಾಲ್ಕೂವರೆ ಇಂಚು. ಆಗುತ್ತದೆ, ತೋಳು ಬದಿಯಲ್ಲಿ ಉಳಿದ ಪಟ್ಟಿಯಲ್ಲಿ ಬರುತ್ತದೆ. ಆದರೆ ಉದ್ದ 46 ಬೇಕು ಎಂದರೆ ಆಗುವುದಿಲ್ಲ.

36 ಪನ್ನದ ಕೈಮಗ್ಗದ ಬಟ್ಟೆಯಲ್ಲಿ ತೋಳಿಗೆ ಬದಿಯಲ್ಲಿ ಜಾಗ ಸಿಗುವುದಿಲ್ಲ, ಅದೇ ಕುರ್ತಿಗೆ 3 ಮೀಟರ್ ಬೇಕು. 58 ಪನ್ನದಲ್ಲಿ ಎದುರು-ಹಿಂಬದಿ ಅಕ್ಕಪಕ್ಕ ಕೂರುತ್ತವೆ, ಕೆಳಗೆ ತೋಳು, 1.75 ಮೀಟರಿನಲ್ಲಿ ಮುಗಿಯಿತು.

ಇನ್ನು ಮಡಿಸುವ ರೀತಿ. 44 ಪನ್ನವನ್ನು ಸರಿಯಾಗಿ ಅರ್ಧಕ್ಕೆ ಮಡಚಿ ಪ್ಯಾಟರ್ನ್, ಅಂದರೆ ಅಳತೆಗೆ ಕತ್ತರಿಸಿದ ಪೇಪರ್, ಇಟ್ಟರೆ ಎರಡು ಬದಿಯಲ್ಲಿ ತಲಾ 10 ಇಂಚಿನ ಪಟ್ಟಿ ಉಳಿಯುತ್ತದೆ. 16 ಇಂಚು ಅಗಲದ ತೋಳು ಅದರಲ್ಲಿ ಬರುವುದಿಲ್ಲ. ಬಟ್ಟೆ ಸಾಕಾಗಲಿಲ್ಲ ಎಂದು ದೂರುವವರಲ್ಲಿ ಬಹಳಷ್ಟು ಮಂದಿಯ ತೊಂದರೆ ಇದೇ. ಒಂದು ಅಂಚಿನಿಂದ 12 ಇಂಚು ಮಾತ್ರ ಒಳಗೆ ಮಡಚಿ. ಇನ್ನೊಂದು ಬದಿಯಲ್ಲಿ 20 ಇಂಚು ಒಂದೇ ಪಟ್ಟಿಯಾಗಿ ಉಳಿಯುತ್ತದೆ, ಎರಡು ತೋಳೂ ಕುತ್ತಿಗೆಯ ಅಂಚಿಗೆ ಇಡುವ ಓರೆ ಪಟ್ಟಿಯೂ (ಕ್ರಾಸ್ ಪಟ್ಟಿ) ಅದರಲ್ಲೇ ಬರುತ್ತವೆ. ಒಂಟಿ ಪದರದಲ್ಲಿ ತೋಳು ಕತ್ತರಿಸುವಾಗ ಎರಡನೆಯದಕ್ಕೆ ಪೇಪರನ್ನು ಮಗುಚಿ ಹಾಕಿ. ಇಲ್ಲದಿದ್ದರೆ ಎರಡೂ ಎಡಗೈಯ ತೋಳೇ ಆಗುತ್ತವೆ, ಏಕೆಂದರೆ ಕಂಕುಳಿನ ಗುಂಡಿ ಎದುರಿನಲ್ಲಿ ಹಿಂಬದಿಗಿಂತ ಅರ್ಧ ಇಂಚು ಆಳ.

ಕತ್ತರಿಸುವ ಮೊದಲು ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಹಾಕಿ. ಲೈನಿಂಗ್ ಬಟ್ಟೆಯನ್ನೂ ನೆನೆಸಬೇಕು. ಹೊರಗಿನದು ಕುಗ್ಗದೆ ಒಳಗಿನದು ಮಾತ್ರ ಕುಗ್ಗಿದರೆ ಅಂಚು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಉಪ್ಪು ನೀರಿನಲ್ಲಿ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರು ಬಹಳ. ಉಪ್ಪು ಕೆಲಸಕ್ಕೆ ಬರುವುದು ಬಣ್ಣ ಹಾಕುವ ಹೊತ್ತಿನಲ್ಲಿ, ಹಾಕಿ ಮುಗಿದ ಮೇಲೆ ಅಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ ನೋಡಿ. ಬಣ್ಣ ಅಂಟಿದರೆ ನೀರು ತಿಳಿಯಾಗುವವರೆಗೆ ಬೇರೆಯಾಗಿ ತೊಳೆಯುವುದೇ ದಾರಿ, ಅದಕ್ಕೆ ಬಿಳಿ ಪೈಪಿಂಗ್ ಇಡುವ ಆಸೆ ಬಿಟ್ಟುಬಿಡಿ.

ನಮ್ಮ ಕಡೆಯ ಮಳೆಗಾಲ ಕಂಡ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಮಡಿಕೆಯ ಗೆರೆಯ ಎರಡು ಬದಿಯಲ್ಲಿ ಹೆಬ್ಬೆರಳು ಊರಿ ಎಳೆಯಿರಿ. ನೂಲು ಚಿರ್ ಎಂದು ಬಿಟ್ಟುಕೊಂಡರೆ ಆ ಗೆರೆ ಹೆಗಲು, ಕಂಕುಳಿಗೆ ಬರಬಾರದು. ಬೂಷ್ಟಿನ ಕರಿ ಚುಕ್ಕೆಗಳು ಹತ್ತಿಯಿಂದ ಪೂರ್ತಿ ಹೋಗುವುದು ಅಪರೂಪ. ಅದಕ್ಕೆ ಚಾಕ್‌ನಿಂದ ಸುತ್ತು ಹಾಕಿ, ಪ್ಯಾಟರ್ನ್ ಇಡುವಾಗ ತಪ್ಪಿಸಿ. ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಎತ್ತಿಡಬೇಡಿ, ಬೂಷ್ಟಿಗೂ ಹುಳುವಿಗೂ ಅದೇ ಊಟ.

ಪೇಪರ್ ಪ್ಯಾಟರ್ನ್ ಇಂಟರ್ನೆಟ್ಟಿನಿಂದ ತೆಗೆದದ್ದಾದರೆ 100 ಶೇಕಡಾ ಅಳತೆಯಲ್ಲೇ ಪ್ರಿಂಟ್ ಮಾಡಿಸಿ. ಅದರಲ್ಲಿರುವ ಪರೀಕ್ಷೆಯ ಚೌಕವನ್ನು ಸ್ಕೇಲಿನಿಂದ ಅಳೆದ ಮೇಲೆಯೇ ಅಂಟಿಸಿ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಪ್ರಿಂಟ್ ತೆಗೆದರೆ ಎಲ್ಲವೂ ಸಣ್ಣದಾಗುತ್ತದೆ. ಅಮೆರಿಕದ ದೊಡ್ಡ ಕಂಪನಿಗಳ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್ ಮಾರ್ಜಿನ್ ಸೇರಿರುತ್ತದೆ. ಜರ್ಮನಿಯ ಬುರ್ದಾ ಮ್ಯಾಗಜಿನ್‌ನ ಪ್ಯಾಟರ್ನ್‌ಗಳಲ್ಲಿ ಮಾರ್ಜಿನ್ನೇ ಇರುವುದಿಲ್ಲ, ನಾವೇ ಸೇರಿಸಬೇಕು. ನಮ್ಮ ಟೈಲರುಗಳು ಬದಿಯಲ್ಲಿ ಒಂದರಿಂದ ಒಂದೂವರೆ ಇಂಚು ಬಿಡುತ್ತಾರೆ, ಮುಂದೆ ಬಿಚ್ಚಿ ದೊಡ್ಡದು ಮಾಡಲು. ಯಾವ ಪ್ಯಾಟರ್ನ್ ಆದರೂ ಬದಿಗೆ ನಮ್ಮ ಪದ್ಧತಿಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮೊದಲ ಸಲ ಹೊಲಿಯುವ ಪ್ಯಾಟರ್ನನ್ನು ಹಳೆಯ ಪಂಚೆಯಲ್ಲಿ ಉದ್ದ ಹೊಲಿಗೆ ಹಾಕಿ ತೊಟ್ಟು ನೋಡಿ. ನ್ಯೂಸ್‌ಪೇಪರಿನಲ್ಲಿ ಪ್ಯಾಟರ್ನ್ ಬೇಡ, ಮಸಿ ತಿಳಿ ಬಣ್ಣದ ಬಟ್ಟೆಗೆ ಹತ್ತುತ್ತದೆ.

ಪ್ಯಾಟರ್ನಿನಲ್ಲಿ ನೂಲಿನ ದಿಕ್ಕು ತೋರಿಸುವ ಬಾಣದ ಗುರುತಿನ ಎರಡು ತುದಿಯಿಂದಲೂ ಬಟ್ಟೆಯ ಅಂಚಿಗೆ ಟೇಪ್ ಹಿಡಿಯಿರಿ, ದೂರ ಒಂದೇ ಇರಬೇಕು. ಇದು ತಪ್ಪಿದರೆ ನಾಲ್ಕು ಸಲ ಒಗೆದ ಮೇಲೆ ಬದಿಯ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗುತ್ತದೆ.

ಹಳೆಯ ಉಡುಪಿ ಸೀರೆಯಿಂದ ಕುರ್ತಿ ಮಾಡುವವರಿಗೆ ಲೆಕ್ಕ ಬೇರೆ. 2016ರಲ್ಲಿ ಭೌಗೋಳಿಕ ಸೂಚಕ (ಜಿಐ ಗುರುತು) ಸಿಕ್ಕ ಸೀರೆ ಅದು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಈಗಲೂ ನೇಯುತ್ತಾರೆ. ಹೊಸದಕ್ಕೆ ಕತ್ತರಿ ಹಾಕಲು ನಾನಂತೂ ಹೇಳುವುದಿಲ್ಲ. ಅಂಚು ಕುರ್ತಿಯ ಕೆಳಗೆ ಬರಬೇಕಾದರೆ ಪ್ಯಾಟರ್ನನ್ನು ಅಡ್ಡ ಇಡಬೇಕು, ಆಗ ಕುರ್ತಿಯ ಉದ್ದ ಸೀರೆಯ ಪನ್ನಕ್ಕಿಂತ ಒಂದು ಇಂಚು ಕಡಿಮೆಯೇ. ಕೆಳಗೆ ಮಡಚುವ ಕೆಲಸ ಇರುವುದಿಲ್ಲ. ಮೇಲಿನ ಅಂಚು ಹೆಗಲಿನ ಹತ್ತಿರ ಬರುತ್ತದೆ, ಅದನ್ನು ಮೊದಲೇ ಬಿಡಿಸಿ ತೋಳಿನ ತುದಿಗೆ ಇಟ್ಟುಕೊಳ್ಳಬಹುದು, ಆಗ ಉದ್ದ ಆ ಅಂಚಿನಷ್ಟು ಇನ್ನೂ ಇಳಿಯುತ್ತದೆ. ಚೌಕುಳಿ ಇದ್ದರೆ ಕಂಕುಳಿನ ತುದಿಯೂ ಕೆಳಗಿನ ಅಂಚೂ ಎರಡು ಭಾಗದಲ್ಲಿ ಒಂದೇ ಗೆರೆಯ ಮೇಲೆ ಬೀಳಬೇಕು, ಬದಿ ಹೊಲಿಯುವಾಗ ಒಂದೊಂದು ಗೆರೆಗೂ ಪಿನ್ ಹಾಕಿ.

ಹಾಳಾಗುವುದು ಹೆಚ್ಚಾಗಿ ಕುತ್ತಿಗೆ. ಬೇಕಾದ ಅಗಲ ಆರೂವರೆ ಇಂಚು ಎಂದುಕೊಳ್ಳಿ. ಮಡಿಕೆಯಿಂದ ಮೂರೂಕಾಲು ಇಂಚಿಗೆ ಗೆರೆ ಎಳೆದು ಅದರ ಮೇಲೆಯೇ ಕತ್ತರಿಸಿದರೆ, ಕಾಲು ಇಂಚು ಹೊಲಿಗೆಗೆ ಹೋಗಿ ಕುತ್ತಿಗೆ ಏಳು ಇಂಚು ಆಗುತ್ತದೆ, ಹೆಗಲು ಜಾರಲು ಅಷ್ಟು ಸಾಕು. ಮೂರು ಇಂಚಿಗೆ ಕತ್ತರಿಸಿ. ಕತ್ತರಿಸಿದ ತಕ್ಷಣ, ಬೇರೆ ಏನೂ ಮಾಡುವ ಮೊದಲು, ತುದಿಯಿಂದ ಮೂರು ಮಿಲಿಮೀಟರ್ ಒಳಗೆ, ಹೆಗಲಿನಿಂದ ನಡುವಿಗೆ ಒಂದು ಹೊಲಿಗೆ ಓಡಿಸಿ. ಗುಂಡನೆಯ ಭಾಗದಲ್ಲಿ ನೂಲು ಓರೆಯಾಗಿ ತುಂಡಾಗಿರುತ್ತದೆ, ಕೈಯಲ್ಲಿ ಎತ್ತಿ ಇಳಿಸಿದರೂ ಹಿಗ್ಗುತ್ತದೆ. ಆಮೇಲೆ ಹೆಗಲು ಜೋಡಿಸಿ, 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಒಂದೂಕಾಲು ಇಂಚಿನ ಕ್ರಾಸ್ ಪಟ್ಟಿ ಇಡಿ. ತಿರುವಿನಲ್ಲಿ ಪಟ್ಟಿಯನ್ನು ಹಗುರಾಗಿ ಎಳೆಯಬೇಕು, ನೇರ ಇರುವಲ್ಲಿ ಎಳೆಯಬಾರದು. ಎಳೆಯದಿದ್ದರೆ ಅಂಚು ಎದ್ದು ನಿಲ್ಲುತ್ತದೆ, ಜೋರಾಗಿ ಎಳೆದರೆ ಎದುರು ಸುಕ್ಕು. ಮಾರ್ಜಿನ್‌ಗೆ ಅರ್ಧ ಇಂಚಿಗೊಂದರಂತೆ ಕಚ್ಚು ಕೊಟ್ಟು, ಪಟ್ಟಿಯನ್ನು ಹೊರಗೆ ತಿರುಗಿಸಿ ಪಟ್ಟಿಯ ಮೇಲೆಯೇ ಒಂದು ಹೊಲಿಗೆ, ನಂತರ ಒಳಗೆ ಮಡಚಿ ಕೊನೆಯ ಹೊಲಿಗೆ.

ಮೆಶಿನ್ ಬಗ್ಗೆ ಚಿಕ್ಕದಾಗಿ: ತೆಳು ಹತ್ತಿಗೆ 11 ನಂಬರ್ ಸೂಜಿ, ದಪ್ಪಕ್ಕೆ 14. ಬಟ್ಟೆಯ ಕೆಳಗೆ ನೂಲು ಗಂಟಾದರೆ ಬಾಬಿನ್ (ಕೆಳಗಿನ ನೂಲಿನ ಉರುಳೆ) ಮುಟ್ಟಬೇಡಿ, ತಪ್ಪು ಮೇಲಿನ ನೂಲಿನದು; ಬಟ್ಟೆಯನ್ನು ಒತ್ತಿ ಹಿಡಿಯುವ ಮೆಶಿನ್ನಿನ ಪಾದ ಎತ್ತಿ ಮತ್ತೆ ಪೋಣಿಸಿ. ತೆಂಗಿನ ಎಣ್ಣೆ ಬಿಡಲೇಬಾರದು, ಅಂಟಾಗಿ ಚಕ್ರ ಬಿಗಿಯುತ್ತದೆ. ತುದಿಯ ನೂಲು ಬಿಡದಂತೆ ಹಾಕುವ ಇಂಟರ್‌ಲಾಕ್ ಹೊಲಿಗೆಯನ್ನು ಟೈಲರ್ ಅಂಗಡಿಯಲ್ಲಿ ಮಾಡಿಸಬಹುದು.

ಮದುವೆ, ಪೂಜೆಗಳಲ್ಲಿ ಕೊಟ್ಟ ರವಿಕೆ ಕಣಗಳನ್ನು ಏನು ಮಾಡುವುದು ಎಂದೂ ಕೇಳುತ್ತಾರೆ. 80 ಸೆಂಟಿಮೀಟರಿನಲ್ಲಿ ಕುರ್ತಿ ಬರುವುದಿಲ್ಲ, ಎರಡು ವರ್ಷದ ಮಗುವಿನ ಫ್ರಾಕ್ ಬರುತ್ತದೆ. ಹತ್ತಿಯದಾದರೆ ರವಿಕೆಯ ಲೈನಿಂಗ್‌ಗೆ ಇಡಿ. ಪಾಲಿಯೆಸ್ಟರ್ ಆದರೆ ಚೀಲ ಹೊಲಿಯಿರಿ, ನಮ್ಮ ಸೆಕೆಯಲ್ಲಿ ಮೈಗೆ ಅದು ಬೇಡ.