ಮ್ಯಾನಿಫೋಲ್ಡ್ ತಣ್ಣಗಾಯಿತು, ಗಾಳಿ?

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೈಲಮ್ ಶೀಟ್ (ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಾಳೆ) ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಸ್ಟಾರ್ಟರ್ ಡಬ್ಬಿಗೋ ಸ್ವಿಚ್ ಬೋರ್ಡಿಗೋ ಒಯ್ಯುತ್ತಾರೆ. ಕಾರಿಗೆ ಬೇಕೆಂದು ಬಂದವನು ನನ್ನ ಅಕ್ಕನ ಮಗ ಒಬ್ಬನೇ.

"ಮಾಮಾ, ಎಂಟು ಎಂಎಂ ಹೈಲಮ್ ಅದ ಏನು? ಬಟ್ಟಿ ಪದರಿಂದು?"

ಅವನ ಹತ್ತಿರ 1.3 ಲೀಟರಿನ ಹಳೆಯ ಪೆಟ್ರೋಲ್ ಕಾರಿದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಸ್ವಲ್ಪ ಹೊತ್ತು ಸಿಕ್ಕಿಬಿದ್ದರೆ ಸಾಕು, ಆಮೇಲೆ ಗಾಡಿಗೆ ಪಿಕಪ್ಪೇ ಇರುವುದಿಲ್ಲ ಅನ್ನುವುದು ಅವನ ದೂರು. ಇಂಜಿನ್ ಹೆಡ್ಡಿನ ಕಾವು ಗಾಳಿ ಒಯ್ಯುವ ಕೊಳವೆಗೆ, ಅಂದರೆ ಅಲ್ಯುಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಏರುತ್ತದೆ, ಅಲ್ಲಿ ಗಾಳಿ ಕಾದು ತೆಳುವಾಗುತ್ತದೆ, ಇಂಜಿನ್ನಿನ ಶಕ್ತಿ ಕುಂದುತ್ತದೆ. ಎರಡರ ನಡುವೆ ಹೈಲಮ್ ಪಟ್ಟಿ ಕೂರಿಸಿದರೆ ಕಾವು ಅಲ್ಲೇ ನಿಲ್ಲುತ್ತದೆ ಎಂದು ಅವನ ಲೆಕ್ಕ. ಲೆಕ್ಕವೇನೋ ಸರಿಯೇ. ಅಲ್ಯುಮಿನಿಯಂಗೆ ಹೋಲಿಸಿದರೆ ಹೈಲಮ್ ಕಾವು ದಾಟಿಸುವುದು ನೂರಾರು ಪಟ್ಟು ಕಡಿಮೆ.

ಎಂಎಸ್‌ಕೆ ಮಿಲ್ ಕಡೆಯ ಗ್ಯಾರೇಜಿಗೆ ಹೋದೆವು. ಉಸ್ತಾದ್ ಪಟ್ಟಿ ನೋಡಿ ನಕ್ಕರು. "ಇದೇನ್ ಹೊಸಾದಲ್ರಿ. ಕಾರ್ಬೊರೇಟರ್ ಗಾಡಿಗೆ ಕಂಪನಿಯವರೇ ಬೇಕಲೈಟ್ ಹಾಕಿ ಕೊಡ್ತಿದ್ರು." ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದನ್ನೂ ನೆನಪು ಮಾಡಿಕೊಂಡರು. ಆಗಿನ ಭಯವೇ ಬೇರೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಬಟ್ಟಲಲ್ಲಿ ನಿಂತ ಪೆಟ್ರೋಲ್ ಕುದ್ದುಬಿಟ್ಟರೆ ಗಾಡಿ ನಡುದಾರಿಯಲ್ಲೇ ನಿಲ್ಲುತ್ತಿತ್ತು. ಇವನದು ಇಂಜೆಕ್ಷನ್ ಗಾಡಿ; ಅದರಲ್ಲಿ ಪೆಟ್ರೋಲ್ ಒತ್ತಡದಲ್ಲಿ ಇರುತ್ತದೆ, ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ಹಾಗಾಗಿ ನಮಗೆ ಉಳಿದದ್ದು ಗಾಳಿಯ ಪ್ರಶ್ನೆ ಮಾತ್ರ.

ಪಟ್ಟಿ ಹಾಕುವ ಮುಂಚೆಯೇ ಅಳೆದುಬಿಡೋಣ ಎಂದು ನಾನು ಹಟ ಹಿಡಿದೆ. ಅಳತೆ ಇಲ್ಲದಿದ್ದರೆ ಖರ್ಚು ಮಾಡಿದವನಿಗೆ ಗಾಡಿ ಹಗುರಾಗಿ ಓಡಿದಂತೆ ಅನ್ನಿಸಿಯೇ ಅನ್ನಿಸುತ್ತದೆ. ಬೇರಿಂಗ್ ಬಿಸಿ ನೋಡುವ ಟೆಂಪರೇಚರ್ ಗನ್ ಅಂಗಡಿಯಲ್ಲೇ ಇತ್ತು. ಆದರೆ ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿ ಹಿಡಿದೆ. ಗಾಳಿಗೆ ಬೇರೆ ಉಪಾಯ. ಮಲ್ಟಿಮೀಟರಿನ ಟೆಂಪರೇಚರ್ ವೈರನ್ನು ಮ್ಯಾನಿಫೋಲ್ಡಿನಲ್ಲಿ ಖಾಲಿ ಇದ್ದ ವ್ಯಾಕ್ಯೂಮ್ ನಿಪ್ಪಲ್ (ಸಣ್ಣ ಕೊಳವೆ ಬಾಯಿ) ಒಳಗೆ ತೂರಿಸಿ ಸಿಲಿಕೋನ್ ಮೆತ್ತಿದೆವು. ಇನ್ನೊಂದು ವೈರ್ ಏರ್ ಫಿಲ್ಟರಿನ ಬಾಯಿಗೆ.

ಹೊರಗೆ 42 ಡಿಗ್ರಿ. ಟ್ರಾಫಿಕ್‌ನಲ್ಲಿ ನಿಂತಾಗ ಮ್ಯಾನಿಫೋಲ್ಡಿನ ಮೈ 75ರ ಹತ್ತಿರ, ಒಳಗಿನ ಗಾಳಿ 68. ಜೇವರ್ಗಿ ರಸ್ತೆಯಲ್ಲಿ ಭೀಮಾ ಸೇತುವೆ ಕಡೆ ಓಡಿಸಿದಾಗ ಗಾಳಿ 53ಕ್ಕೆ ಇಳಿಯಿತು.

ಆಮೇಲೆ ಪಟ್ಟಿ ಕೂರಿಸಿದರು. ಎಂಟು ಎಂಎಂ ದಪ್ಪ ಸೇರಿದ್ದಕ್ಕೆ ಉದ್ದದ ಸ್ಟಡ್ ಬೇಕಾಯಿತು, ಎರಡೂ ಬದಿಗೆ ಗ್ಯಾಸ್ಕೆಟ್ ಬೇಕಾಯಿತು. ಮೊದಲ ಸ್ಟಾರ್ಟಿಗೆ ಐಡ್ಲಿಂಗ್ ಏರಿಳಿಯತೊಡಗಿತು. ಪಟ್ಟಿಯ ಒಂದು ಮೂಲೆ ಸಮ ಇರಲಿಲ್ಲ, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಗಾಜಿನ ಮೇಲೆ ಎಮರಿ ಹಾಳೆ ಇಟ್ಟು ಉಜ್ಜಿ ಮತ್ತೆ ಕೂರಿಸುವಷ್ಟರಲ್ಲಿ ಸಂಜೆಯಾಯಿತು.

ಮರುದಿನ ಅದೇ ಮಧ್ಯಾಹ್ನದ ಬಿಸಿಲು, ಅದೇ ದಾರಿ. ಟ್ರಾಫಿಕ್‌ನಲ್ಲಿ ಮ್ಯಾನಿಫೋಲ್ಡ್ ಮೈ 64, ಗಾಳಿ 63. ಹುಡುಗನ ಮುಖ ಅರಳಿತು. ಜೇವರ್ಗಿ ರಸ್ತೆ ಹಿಡಿದ ಮೇಲೆ ಗಾಳಿ 51! ಇಳಿದದ್ದು ಬರೀ ಎರಡು ಡಿಗ್ರಿ. ಗಾಳಿಯ ಸಾಂದ್ರತೆಯಲ್ಲಿ ಅದು ನೂರಕ್ಕೆ ಒಂದೂ ಆಗುವುದಿಲ್ಲ. ಟ್ರಾಫಿಕ್‌ನ ಐದು ಡಿಗ್ರಿ ಅಂದರೂ ನೂರಕ್ಕೆ ಒಂದೂವರೆ. ಎಸಿ ಆಫ್ ಮಾಡಿದರೆ ಇದಕ್ಕಿಂತ ಜಾಸ್ತಿ ಪಿಕಪ್ ಸಿಗುತ್ತದೆ, ಅದೂ ಪುಕ್ಕಟೆ.

ಕಾರಣ ಸರಳ. 1.3 ಲೀಟರ್ ಇಂಜಿನ್ 3000 ಆರ್‌ಪಿಎಂನಲ್ಲಿ ಪೂರ್ತಿ ಉಸಿರೆಳೆದರೆ ನಿಮಿಷಕ್ಕೆ ಸುಮಾರು 1950 ಲೀಟರ್ ಗಾಳಿ ನುಂಗುತ್ತದೆ. ಮ್ಯಾನಿಫೋಲ್ಡ್ ಒಳಗೆ ಆ ಗಾಳಿ ನಿಲ್ಲುವುದೇ ಕ್ಷಣಾರ್ಧ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಕೈ ಸುಡುವುದಿಲ್ಲ, ಅಲ್ವಾ? ಹಾಗೆ. ನಿಂತ ಗಾಡಿಯಲ್ಲಿ ಗಾಳಿ ನಿಧಾನಕ್ಕೆ ಹಾಯುವುದರಿಂದ ಪಟ್ಟಿಯ ಗುಣ ಅಲ್ಲಿ ಕಾಣುತ್ತದೆ.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವೈರ್. ಟ್ರಾಫಿಕ್‌ನಲ್ಲಿ ಫಿಲ್ಟರಿನ ಬಾಯಲ್ಲೇ 60, ಓಡುವಾಗಲೂ 50! ಅಂದರೆ ಮ್ಯಾನಿಫೋಲ್ಡಿಗೆ ಬರುವ ಹೊತ್ತಿಗಾಗಲೇ ಗಾಳಿ ಕಾದಿರುತ್ತಿತ್ತು. ಬಗ್ಗಿ ನೋಡಿದರೆ ಗ್ರಿಲ್ ಕಡೆಯಿಂದ ಗಾಳಿ ತರುವ ಪೈಪೇ ಇಲ್ಲ. ಹಿಂದೆ ಯಾವಾಗಲೋ ಬಿಚ್ಚಿದವರು ಮರಳಿ ಹಾಕಿಲ್ಲ. ಗಾಡಿ ರೇಡಿಯೇಟರ್ ಹಿಂದಿನ ಬಿಸಿ ಉಸಿರನ್ನೇ ಎಳೆಯುತ್ತಿತ್ತು.

ಉಸ್ತಾದ್ ಹಳೆಯ ಸಾಮಾನಿನ ರಾಶಿಯಿಂದ ಒಂದು ಪೈಪ್ ತೆಗೆದು ಗ್ರಿಲ್ ತನಕ ಎಳೆದು ಕ್ಲಿಪ್ ಹಾಕಿದರು. ಒಳಬರುವ ಗಾಳಿಯನ್ನು ಹತೋಟಿ ಮಾಡುವ ಥ್ರಾಟಲ್ ಬಾಡಿಗೆ ಬಿಸಿನೀರು ಒಯ್ಯುವ ಸಣ್ಣ ಹೋಸನ್ನೂ ಬೈಪಾಸ್ ಮಾಡಿದರು. ಅದು ಚಳಿ ದೇಶದಲ್ಲಿ ಥ್ರಾಟಲ್ ಹತ್ತಿರ ಮಂಜುಗಡ್ಡೆ ಕಟ್ಟದಿರಲಿ ಎಂದು ಇಟ್ಟದ್ದು. ಕಲಬುರಗಿಯಲ್ಲಿ ಮಂಜುಗಡ್ಡೆ! ಮತ್ತೆ ಜೇವರ್ಗಿ ರಸ್ತೆಗೆ ಹೋದೆವು. ಫಿಲ್ಟರ್ ಬಾಯಲ್ಲಿ 43, ಮ್ಯಾನಿಫೋಲ್ಡ್ ಒಳಗೆ 45.

"ಹಂಗಾದ್ರ ಪಟ್ಟಿ ತೆಗೆದುಬಿಡ್ಲೇನು ಮಾಮಾ?"

ಇರಲಿ ಬಿಡು ಅಂದೆ. ಟ್ರಾಫಿಕ್‌ನಲ್ಲಿ ಅದರ ಕೆಲಸ ಅದು ಮಾಡುತ್ತದೆ. ಕಾದು ಆರುವುದರಲ್ಲಿ ಪಟ್ಟಿ ಸ್ವಲ್ಪ ಕುಗ್ಗುವುದರಿಂದ ಒಮ್ಮೆ ನಟ್ ಮತ್ತೆ ಬಿಗಿ ಮಾಡಿಸು ಎಂದೂ ಹೇಳಿದೆ. ಈಗ ಅವನ ಗೆಳೆಯನೊಬ್ಬ ತನ್ನ ಹೊಸ ಕಾರಿಗೂ ಹೈಲಮ್ ಕತ್ತರಿಸಿ ಕೊಡಿ ಎಂದು ಬಂದಿದ್ದ. ಬಾನೆಟ್ ಎತ್ತಿಸಿ ನೋಡಿದೆ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿಂದು, ಅದೇ ಕಾವು ತಡೆಯುತ್ತದೆ. ಶೀಟ್ ಕೊಡದೆ ಚಹಾ ಕುಡಿಸಿ ಕಳಿಸಿದೆ.