ಶೋಕಿ ಕೋಟಿಗೆ ಮಜೂರಿ ಜಾಸ್ತಿ ಯಾಕೆ?

ದಾವಣಗೆರೆಯಲ್ಲಿ ಗಂಡಸರ ಬಟ್ಟೆ ಹೊಲಿಯುವುದು ನನ್ನ ಕೆಲಸ. ಅಳತೆ, ಕಟಿಂಗ್ ನನ್ನದು. ಮಷಿನ್ ಮೇಲೆ ಹುಡುಗರಿದ್ದಾರೆ, ಕಾಜಾ ಮಾಡಲು ಒಬ್ಬರು ವಯಸ್ಸಾದವರು ಬರುತ್ತಾರೆ. ಎಷ್ಟೋ ವರ್ಷ ನಮಗೆ ಬರುತ್ತಿದ್ದ ಆರ್ಡರ್ ಅಂದರೆ ಬಿಳಿ ಅಂಗಿ, ತಿಳಿ ನೀಲಿ ಅಂಗಿ, ಕಪ್ಪು ಪ್ಯಾಂಟು, ಮದುವೆ ಗಂಡಿಗೆ ಒಂದು ನೇವಿ ಬ್ಲೂ ಸೂಟು. ರೆಡಿಮೇಡ್ ಬಂದ ಮೇಲೆ ಅದೂ ಕಮ್ಮಿಯಾಯಿತು. ಈಗ ಗಾಳಿ ತಿರುಗಿದೆ. ವೈನ್ ಕಲರ್ ವೆಲ್ವೆಟ್ ಕೋಟು ಬೇಕು ಅನ್ನುತ್ತಾರೆ, ಸಾಸಿವೆ ಬಣ್ಣದ ಸೂಟು ಬೇಕು ಅನ್ನುತ್ತಾರೆ. ಎರಡು ಸಾಲು ಗುಂಡಿಯ ಡಬಲ್ ಬ್ರೆಸ್ಟ್, ಅಗಲ ಲೇಪಲ್ (ಕಾಲರಿನ ಕೆಳಗೆ ಎದೆ ಮೇಲೆ ಮಡಚಿಕೊಳ್ಳುವ ಭಾಗ), ಸೊಂಟದ ಹತ್ತಿರ ಪ್ಲೀಟ್ ಇಟ್ಟ ಲೂಸ್ ಪ್ಯಾಂಟು, ಅಪ್ಪ ಹಳೇದು ಅಂತ ಟ್ರಂಕಿನಲ್ಲಿ ತುರುಕಿದ ಮಾಡೆಲ್ಲನ್ನೇ ಮಗ ಮೊಬೈಲಿನಲ್ಲಿ ಹೊಸ ಫೋಟೋ ಅಂತ ತೋರಿಸಿ ಕೇಳುತ್ತಾನೆ.

ಇದು ನಮ್ಮ ಊರಿಗೆ ಹೊಸದೇನೂ ಅಲ್ಲ. ಮಂಡಿಪೇಟೆ, ಚೌಕಿಪೇಟೆ ಕಡೆಯ ಹಳೇ ಮನೆಗಳಲ್ಲಿ ಗೋಡೆಗೆ ಹಾಕಿರುವ ಫೋಟೋ ನೋಡಿ. ಕಚ್ಚೆ ಪಂಚೆ, ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ಮೇಲೆ ಜರಿ ರುಮಾಲು. ಕೆಲವರ ಕಿವಿಯಲ್ಲಿ ಒಂಟಿ ಬೇರೆ. ಯಾರೂ ಅವರನ್ನು ಏನಪ್ಪಾ ಇಷ್ಟು ಶೋಕಿ ಅಂತ ಕೇಳಲಿಲ್ಲ. ಗಂಡಸು ಅಂದಮೇಲೆ ಸಪ್ಪೆ ಬಣ್ಣ ಹಾಕಬೇಕು ಅನ್ನುವುದು ಆಮೇಲೆ ಬಂದ ಕಟ್ಟುಪಾಡು. ಯೂರೋಪಿನಲ್ಲೂ ಹಾಗೇ. ಅಲ್ಲಿನ ದೊಡ್ಡ ಮನೆತನದ ಗಂಡಸರು ರೇಷ್ಮೆ, ಕಸೂತಿ, ಬಣ್ಣ ಎಲ್ಲ ಬಿಟ್ಟು ಕಪ್ಪು, ಕಂದು, ಬೂದು ಬಣ್ಣಕ್ಕೆ ಬಂದದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನ ಕ್ರಾಂತಿಯ ಹೊತ್ತಿನಲ್ಲಿ.

2025ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮೆಟ್ ಗಾಲಾ ಅನ್ನುವ ದೊಡ್ಡ ಫ್ಯಾಷನ್ ಸಮಾರಂಭ ಆಯಿತಲ್ಲ, ಅದಾದ ಮೇಲೆ ಅಂಗಡಿಗೆ ಸ್ಕ್ರೀನ್‌ಶಾಟ್ ತರುವವರು ಜಾಸ್ತಿಯಾದರು. ಆ ವರ್ಷದ ವಿಷಯವೇ ಕಪ್ಪು ಜನರ ಟೈಲರಿಂಗ್. ಶಾರುಖ್ ಖಾನ್ ಡಿಸೈನರ್ ಸಬ್ಯಸಾಚಿಯ ಕೋಟು ಹಾಕಿ ಹೋಗಿದ್ದರು. ಹುಡುಗರಿಗೆ ಕಂಡಿದ್ದು ಕುತ್ತಿಗೆಯ ಸರ, ಕೈಯಲ್ಲಿದ್ದ ಕೋಲು. ನಾನು ಹೇಳಿದೆ, ಮೊದಲು ಕೋಟು ನೋಡ್ರಪ್ಪಾ. ಕಪ್ಪು ಬಟ್ಟೆ, ನೆಲದವರೆಗೆ ಉದ್ದ. ಅಷ್ಟು ಉದ್ದದ ಕೋಟು ಭುಜದಿಂದ ನೆಟ್ಟಗೆ ಇಳಿಯಬೇಕಾದರೆ ಭುಜ ಸರಿಯಾಗಿ ಕೂತಿರಬೇಕು. ಅಲ್ಲಿ ಕಾಲಿಂಚು ತಪ್ಪಿದರೂ ಕೆಳಗೆ ಬರುವಷ್ಟರಲ್ಲಿ ಅಂಚು ಒಂದು ಕಡೆ ಎತ್ತಿಕೊಳ್ಳುತ್ತದೆ. ಸರ ಎಲ್ಲಿ ಬೇಕಾದರೂ ಸಿಗುತ್ತದೆ, ಆ ಭುಜ ಸಿಗುವುದಿಲ್ಲ.

ನನ್ನ ಕೆಲಸದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ. ಬಟ್ಟೆ ಎಷ್ಟು ಮೆರೆಯುತ್ತದೋ ಒಳಗಡೆಯ ಕೆಲಸ ಅಷ್ಟು ಜಾಸ್ತಿ. ಜನ ಉಲ್ಟಾ ತಿಳಿದಿದ್ದಾರೆ. ಮಿಂಚುವ ಬಟ್ಟೆ ಅಲ್ವಾ, ಹೊಲಿಗೆ ಹೇಗಿದ್ದರೂ ನಡೆಯುತ್ತದೆ ಅಂತ. ಬೂದು ಬಣ್ಣದ ಟೆರಿಕಾಟ್ ನಮ್ಮ ಎಷ್ಟೋ ಸಣ್ಣ ತಪ್ಪು ನುಂಗಿಕೊಳ್ಳುತ್ತದೆ. ಸ್ಯಾಟಿನ್ ಏನನ್ನೂ ನುಂಗುವುದಿಲ್ಲ. ಹೊಲಿದು ಬಿಚ್ಚಿದರೆ ಸೂಜಿ ತೂತು ಹಾಗೇ ಉಳಿಯುತ್ತದೆ, ದಾರ ಸ್ವಲ್ಪ ಬಿಗಿಯಾದರೆ ಹೊಲಿಗೆ ಉದ್ದಕ್ಕೂ ಸುಕ್ಕು.

ವೆಲ್ವೆಟ್ ಕಥೆ ಕೇಳಿ. ಅದಕ್ಕೆ ರೋಮ ಇರುತ್ತದೆ, ರೋಮಕ್ಕೆ ದಿಕ್ಕು ಇರುತ್ತದೆ. ಕೈ ಆಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ರೋಮ ಮೇಲ್ಮುಖವಾಗಿ ಬರುವ ಹಾಗೆ ಕತ್ತರಿಸಿದರೆ ಬಣ್ಣ ಗಾಢವಾಗಿ ಕಾಣುತ್ತದೆ, ಕೆಳಮುಖವಾದರೆ ತಿಳಿ. ಬಟ್ಟೆ ಉಳಿಸೋಣ ಅಂತ ಒಂದು ತೋಳನ್ನು ತಿರುಗಿಸಿ ಹಾಕಿದರೆ ಮುಗಿಯಿತು, ಕೋಟು ಒಂದು ಬಣ್ಣ ತೋಳು ಇನ್ನೊಂದು ಬಣ್ಣ. ಎಲ್ಲ ತುಂಡೂ ಒಂದೇ ದಿಕ್ಕಿಗೆ ಹಾಕಬೇಕಾದ್ದರಿಂದ ಬಟ್ಟೆ ಜಾಸ್ತಿ ಬೇಕು. ಸಾಮಾನ್ಯ ಸೂಟಿಗೆ ಮೂರೂಕಾಲು ಮೀಟರ್ ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಸ್ತ್ರಿಯನ್ನು ನೇರ ಒತ್ತುವ ಹಾಗಿಲ್ಲ, ರೋಮ ಸತ್ತರೆ ಮತ್ತೆ ಏಳುವುದಿಲ್ಲ. ಹಿಂದಿನಿಂದ ಹಬೆ ಕೊಡಬೇಕು. ಇಷ್ಟೆಲ್ಲ ಮಾಡಿ ಕೊಟ್ಟ ಮೇಲೆ ಆ ಪುಣ್ಯಾತ್ಮ ಅದೇ ಕೋಟಿನಲ್ಲಿ ಬೆಣ್ಣೆ ದೋಸೆ ತಿನ್ನಲು ಹೋಗುತ್ತಾನೆ. ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ.

ಒಮ್ಮೆ ಒಬ್ಬ ಯಜಮಾನರು ಮಗನ ರಿಸೆಪ್ಷನ್ ಕೋಟಿನ ಮಜೂರಿ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು.

"ಏನ್ ಮಾಸ್ಟ್ರೇ, ಬಟ್ಟೆ ಪೀಸ್ ರೇಟಿಗಿಂತ ಮಜೂರಿನೇ ಜಾಸ್ತಿ ಹೇಳ್ತೀರಲ್ರೀ?"

"ಕೂತ್ಕೊಳ್ರೀ ಯಜಮಾನ್ರೇ, ಒಂದು ತೋರಿಸ್ತೀನಿ" ಅಂತ ಕಚ್ಚಾ ಹೊಲಿಗೆಯಲ್ಲಿದ್ದ ಒಂದು ಕೋಟು ತಂದು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸಿದೆ. ಎದೆಯ ಭಾಗದಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸ್. ಅದರ ಮೇಲೆ ಸಾಲುಸಾಲಾಗಿ ಓರೆ ಓರೆಯಾದ ಕೈ ಹೊಲಿಗೆ. ಪಕ್ಕದಲ್ಲಿ ಪೇಸ್ಟಿಂಗ್ ಮಾಡಿದ ಇನ್ನೊಂದು ಕೋಟಿನ ಮುಂಭಾಗ ಇಟ್ಟೆ. ಪೇಸ್ಟಿಂಗ್ ಅಂದರೆ ಅಂಟಿರುವ ಬಕ್ರಮ್ ಇಟ್ಟು ಬಿಸಿ ಒತ್ತುವುದು, ಕೆಲಸ ಬೇಗ ಮುಗಿಯುತ್ತದೆ. ಎರಡೂ ಲೇಪಲ್ ಬೆರಳಿನಿಂದ ಮಡಚಿ ಬಿಡಿ ಅಂದೆ. ಕ್ಯಾನ್ವಾಸಿನದು ನಿಧಾನವಾಗಿ ಉರುಳಿ ತನ್ನ ಜಾಗಕ್ಕೆ ಬಂತು. ಅಂಟಿಸಿದ್ದು ರಟ್ಟಿನ ಹಾಗೆ ಚಪ್ಪಟೆಯಾಗಿ ಮಲಗಿತು. ಅದು ಡ್ರೈ ಕ್ಲೀನಿಂಗ್‌ಗೆ ಹೋಗಿ ಬಂದು ಹೋಗಿ ಬಂದು ಅಂಟು ಬಿಟ್ಟರೆ ಎದೆ ಮೇಲೆ ಗುಳ್ಳೆ ಏಳುತ್ತದೆ ಅಂತಲೂ ಹೇಳಿದೆ. ವೆಲ್ವೆಟ್‌ಗಂತೂ ಆ ಬಿಸಿ ಒತ್ತುವುದೇ ಆಗಿಬರುವುದಿಲ್ಲ. ಯಜಮಾನರು ಚೌಕಾಸಿ ಬಿಡಲಿಲ್ಲ, ದಾವಣಗೆರೆಯವರು ಬಿಡುತ್ತಾರಾ? ಆದರೆ ಕ್ಯಾನ್ವಾಸೇ ಹಾಕಿ ಅಂದರು. ಅಂದಿನಿಂದ ರೇಟು ಬಾಯಲ್ಲಿ ವಾದಿಸುವುದು ಬಿಟ್ಟಿದ್ದೇನೆ. ಅರ್ಧ ಆದ ಕೋಟು ಯಾವಾಗಲೂ ಮೇಜಿನ ಹತ್ತಿರ ತೂಗಾಡುತ್ತಿರುತ್ತದೆ.

ಗಿರಾಕಿಯ ಮೈ ಓದುವುದು ಇನ್ನೊಂದು ಕೆಲಸ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ತಮ್ಮನ ಮದುವೆಗೆ ಡಬಲ್ ಬ್ರೆಸ್ಟ್ ಸೂಟು ಬೇಕು ಅಂತ ಬಂದ. ಕೇಳುವಾಗಲೇ ನಾಚಿಕೆ. "ನಮ್ಮಂಥೋರಿಗೆ ಒಪ್ತದಾ ಅಣ್ಣಾ?" ಅಂದ. ನಾನು ಅವನಿಗೆ ಆಫ್ರಿಕಾದ ಎರಡು ಕಾಂಗೋ ದೇಶಗಳವರ ಫೋಟೋ ತೋರಿಸಿದೆ. ಕಾಂಗೋ ನದಿಯ ಆಚೆ ಒಂದು ದಡದಲ್ಲಿ ಬ್ರಾಜಾವಿಲ್, ಈಚೆ ದಡದಲ್ಲಿ ಕಿನ್ಶಾಸಾ. ಅಲ್ಲಿ ಸಾಪರ್ ಅಂತ ಕರೆಸಿಕೊಳ್ಳುವ ಗಂಡಸರಿದ್ದಾರೆ. ವಾರವೆಲ್ಲ ದುಡಿಯುವವರು, ಡ್ರೈವರು, ಕೂಲಿ, ಸಣ್ಣಪುಟ್ಟ ವ್ಯಾಪಾರ. ರಜೆ ಬಂತೆಂದರೆ ಗುಲಾಬಿ ಸೂಟು, ಹೊಳೆಯುವ ಶೂ, ಟೋಪಿ ಹಾಕಿ ಮಣ್ಣು ರಸ್ತೆಯಲ್ಲಿ ನಡೆಯುತ್ತಾರೆ. ಒಂದು ಸಲಕ್ಕೆ ಮೂರು ಬಣ್ಣಕ್ಕಿಂತ ಜಾಸ್ತಿ ಬೇಡ ಅನ್ನುವುದು ಅವರ ಕಟ್ಟಳೆ. ಹುಡುಗ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ. ಆಮೇಲೆ ಸಾಸಿವೆ ಬಣ್ಣವನ್ನೇ ಆರಿಸಿದ.

ಅಳತೆ ತೆಗೆಯುವಾಗ ಗೊತ್ತಾಯಿತು, ಚೀಲ ಹೊತ್ತು ಹೊತ್ತು ಅವನ ಬಲ ಭುಜ ಇಳಿದಿದೆ. ಟೀಶರ್ಟಿನಲ್ಲಿ ಯಾರಿಗೂ ಕಾಣುವುದಿಲ್ಲ. ಕೋಟಿನಲ್ಲಿ, ಅದೂ ಸಾಸಿವೆ ಬಣ್ಣದಲ್ಲಿ, ಕಾಲರಿನಿಂದ ಬಗಲಿಗೆ ಓರೆಯಾಗಿ ಒಂದು ಸುಕ್ಕು ಬಂದು ಕೂರುತ್ತದೆ. ಆ ಕಡೆ ಕಟಿಂಗಿನಲ್ಲೇ ಭುಜ ಇಳಿಸಿ, ಒಳಗೆ ಪ್ಯಾಡ್ ಒಂದು ಪದರ ಹೆಚ್ಚು ಕೊಟ್ಟೆ. ಬಗಲು, ಅಂದರೆ ಕೋಟಿಗೆ ತೋಳು ಸೇರುವ ಸುತ್ತು, ಮಾತ್ರ ಮೇಲಕ್ಕೇ ಇಟ್ಟೆ. ಲೂಸ್ ಬಿಡಿ, ಕುಣಿಯಬೇಕು ಅಂತಾರೆ ಎಲ್ಲರೂ. ಬಗಲು ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಕೋಟು ಮೇಲೆ ಬರುತ್ತದೆ, ಮೇಲಿದ್ದರೆ ತೋಳು ಮಾತ್ರ ಏಳುತ್ತದೆ. ಟ್ರಯಲ್‌ನಲ್ಲಿ ಅವನಿಗೆ ಎರಡು ಸ್ಟೆಪ್ ಹಾಕಿಸಿಯೇ ನೋಡಿದೆ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಕೋಟು ಮೆರೆಯುತ್ತಿದ್ದರೆ ಅಂಗಿ ಬಿಳಿ ಸಾಕು, ಅದರ ಮೇಲೆ ಹೂವಿನ ಟೈ, ಮಿಂಚುವ ಬ್ರೂಚು, ಚೈನು ಎಲ್ಲ ಬೇಡ ಅಂತ ಮುಖಕ್ಕೇ ಹೇಳುತ್ತೇನೆ. ಶೋಕಿಗೆ ದೊಡ್ಡ ಹೆಸರಾದ ಲಂಡನ್ನಿನ ಬ್ಯೂ ಬ್ರಮ್ಮೆಲ್ (1778–1840) ಹಾಕುತ್ತಿದ್ದದ್ದು ಗಾಢ ಬಣ್ಣದ ಸಾದಾ ಕೋಟು, ಗಂಜಿ ಹಾಕಿದ ಬಿಳಿ ಕುತ್ತಿಗೆಪಟ್ಟಿ. ಜನ ನೋಡುತ್ತಿದ್ದದ್ದು ಫಿಟಿಂಗ್. ಆಸಾಮಿ ಸಾಲ ಮಾಡಿಕೊಂಡು 1816ರಲ್ಲಿ ಫ್ರಾನ್ಸಿಗೆ ಓಡಿಹೋದ ಅನ್ನುವುದನ್ನೂ ಗಿರಾಕಿಗಳಿಗೆ ಹೇಳುತ್ತೇನೆ, ಮುಖ್ಯವಾಗಿ ಬಾಕಿ ಉಳಿಸಿಕೊಂಡವರಿಗೆ.

ಇಂಥ ಕೋಟು ಬೇಕಾದವರು ಮದುವೆಗೆ ಒಂದು ವಾರ ಇದೆ ಅನ್ನುವಾಗ ಬರಬೇಡಿ, ತಿಂಗಳ ಮುಂಚೆ ಬನ್ನಿ. ಏಪ್ರಿಲ್, ಮೇ ಮದುವೆಯಾದರೆ ವೆಲ್ವೆಟ್ ಆಸೆ ಬಿಡಿ. ನಮ್ಮೂರ ಬಿಸಿಲಿಗೆ ಲಿನನ್ ಅಥವಾ ತೆಳು ಉಲ್ಲನ್ ಹೊಲಿಸಿ, ಲೈನಿಂಗ್ ಅರ್ಧಕ್ಕೆ ನಿಲ್ಲಿಸಿ ಕೊಡುತ್ತೇನೆ. ಟ್ರಯಲ್‌ಗೆ ಬರುವಾಗ ಆ ದಿನ ಹಾಕುವ ಶೂವನ್ನೇ ಹಾಕಿಕೊಂಡು ಬನ್ನಿ. ಚಪ್ಪಲಿಯಲ್ಲಿ ಬಂದರೆ ಪ್ಯಾಂಟಿನ ಉದ್ದ ನಾನು ಗುರುತು ಮಾಡುವುದಿಲ್ಲ.