ಪಟ್ಟಿಗೆ ಬಾರದ ಪದಗಳು

19 ನವೆಂಬರ್ 2025, ಬುಧವಾರ

ರಾತ್ರಿ ಹನ್ನೊಂದಾಯಿತು, ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಸಂಜೆ ತಮ್ಮನ ಮಗಳು ಪುಟ್ಟಿ ಆಡಿದ ಒಂದು ಮಾತು ತಲೆಯಲ್ಲೇ ಕೂತಿದೆ. 'ಇಂಗ್ಲಿಷ್ ನನ್ನ ತಲೆಗೆ ಹತ್ತಲ್ಲ ಅತ್ತೆ. ಸುಮ್ನೆ ಒದ್ದಾಡ್ತಾ ಇದ್ದೀನಿ.'

ಅವಳು ಹಾಗೆಲ್ಲ ಕೈಚೆಲ್ಲುವ ಹುಡುಗಿಯಲ್ಲ. ಒಂದು ಲೆಕ್ಕ ಬಿಡಿಸುವ ತನಕ ಕೂತ ಜಾಗದಿಂದ ಏಳದವಳು. ಅಂಥವಳ ಬಾಯಲ್ಲಿ ಈ ಮಾತು ಬಂತಲ್ಲ ಅಂತ ಸಂಕಟ.

ಆಗಿದ್ದಿಷ್ಟು. ಅಮೆರಿಕದ ಕಥೆಗಾರ ಓ. ಹೆನ್ರಿಯವರ 'ದಿ ಗಿಫ್ಟ್ ಆಫ್ ದ ಮೇಜೈ' ಕಥೆ ಓದಬೇಕಿತ್ತು. ಅದಕ್ಕೂ ಮೊದಲು ಕಷ್ಟದ ಪದಗಳನ್ನೆಲ್ಲ ಪಟ್ಟಿ ಮಾಡಿ, ಅರ್ಥ ಹುಡುಕಿ, ಬಾಯಿಪಾಠ ಮಾಡಿಕೊಳ್ಳಬೇಕಂತೆ. ಮಾಡಿದ್ದಾಳೆ ಪಾಪ. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಕಣ್ಣು ಮುಚ್ಚಿಕೊಂಡು ಒಂದೇ ಸಮ ಹೇಳಿಕೊಳ್ಳುತ್ತಿದ್ದಳು. 'ಪಾರ್ಸಿಮನಿ, ಜಿಪುಣತನ. ಇಂಪ್ಯುಟೇಶನ್, ಆರೋಪ. ಮೆಂಡಿಕೆನ್ಸಿ, ಭಿಕ್ಷಾಟನೆ.'

'ಏನೇ ಕಥೆ ಇದು?' ಅಂದೆ.

'ಗೊತ್ತಿಲ್ಲ ಅತ್ತೆ, ಇನ್ನೂ ಓದಿಲ್ಲ. ಪದ ಎಲ್ಲಾ ಬಂದ ಮೇಲೆ ಓದೋಣ ಅಂತ. ಹಾಗೇ ಓದೋಕೆ ಹೋದ್ರೆ ಮೊದಲನೇ ಪ್ಯಾರಾನೇ ದಾಟೋಕಾಗಲ್ಲ.'

ಆಮೇಲೆ ಬಂದದ್ದೇ ಆ ಮಾತು, ತಲೆಗೆ ಹತ್ತಲ್ಲ ಅನ್ನುವುದು.

ಹಾಳೆಯನ್ನು ಮಡಚಿಡು ಅಂದೆ. ಮೊದಲ ಪ್ಯಾರಾ ಗಟ್ಟಿಯಾಗಿ ಓದಿಸಿದೆ. ಒಂದು ಡಾಲರ್ 87 ಸೆಂಟ್. ಅಷ್ಟೇ ಇದ್ದದ್ದು. ಅದರಲ್ಲಿ 60 ಸೆಂಟ್ ಬರೀ ಪೆನ್ನಿಗಳು, ಅಂದರೆ ಒಂದೊಂದು ಸೆಂಟಿನ ನಾಣ್ಯಗಳು. ಇಲ್ಲಿವರೆಗೆ ಎಲ್ಲ ಸಲೀಸು. ನಾಲ್ಕನೆಯ ವಾಕ್ಯಕ್ಕೆ ಬಂದಳು, ನಿಂತಳು. ಕಥೆಯ ನಾಯಕಿ ಡೆಲ್ಲಾ ಅಂಗಡಿಯವರ ಹತ್ತಿರ ಚೌಕಾಸಿ ಮಾಡಿ ಮಾಡಿ ಒಂದೊಂದು ಪೆನ್ನಿ ಉಳಿಸಿದ ವಾಕ್ಯ ಅದು. ಬುಲ್ಡೋಜ್ ಇದೆ, ಇಂಪ್ಯುಟೇಶನ್ ಇದೆ, ಪಾರ್ಸಿಮನಿ ಇದೆ, ಕೊನೆಯಲ್ಲಿ ಇಂಪ್ಲೈಡ್ ಇದೆ. ಒಂದೇ ವಾಕ್ಯದ 34 ಪದಗಳಲ್ಲಿ ಅವಳಿಗೆ ಗೊತ್ತಿಲ್ಲದವು ನಾಲ್ಕು.

ಇದರ ಬಗ್ಗೆ ಓದಿದ್ದು ನೆನಪಾಯಿತು. ಹೂ ಮತ್ತು ಪಾಲ್ ನೇಷನ್ ಅನ್ನುವ ಇಬ್ಬರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಒಂದು ಕಥೆಯನ್ನು ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಅದರ ಸುಮಾರು ಶೇಕಡ 98 ಪದಗಳು ಮೊದಲೇ ಗೊತ್ತಿರಬೇಕು ಅಂತ ಅವರು ಕಂಡುಕೊಂಡರು. ಅಂದರೆ ಐವತ್ತು ಪದಕ್ಕೆ ಒಂದು ಹೊಸ ಪದ ಇದ್ದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ಓದು ಕುಂಟುತ್ತದೆ. ಈ ಲೆಕ್ಕವನ್ನು ಪುಟ್ಟಿಗೆ ಹೇಳಿದೆ. 34ರಲ್ಲಿ ನಾಲ್ಕು ಗೊತ್ತಿಲ್ಲದಿದ್ದರೆ ಯಾರಿಗಾದರೂ ಕಷ್ಟವೇ, ಇದರಲ್ಲಿ ನಿನ್ನ ತಪ್ಪೇನಿದೆ ಅಂದೆ. ಲೆಕ್ಕ ಅಂದರೆ ಅವಳಿಗೆ ನಂಬಿಕೆ. ಮುಖ ಸ್ವಲ್ಪ ತಿಳಿಯಾಯಿತು.

'ಗೊತ್ತಿರೋದನ್ನ ಹಿಡ್ಕೊಂಡು ಹೋಗೋಣ. ಕೆನ್ನೆ ಬಿಸಿಯಾಯ್ತು ಅಂತಿದೆ ನೋಡು. ಯಾಕೆ?'

'ನಾಚಿಕೆ ಆಗಿರುತ್ತೆ.'

'ಯಾಕೆ ನಾಚಿಕೆ?'

'ಅಷ್ಟು ಚೌಕಾಸಿ ಮಾಡಿದ್ಲಲ್ಲ. ಅಂಗಡಿಯವನು ಬಾಯಿಬಿಟ್ಟು ಏನೂ ಅಂದಿಲ್ಲ. ಆದ್ರೆ ಒಳಗೊಳಗೇ ಅಂದ್ಕೊಂಡಿರ್ತಾನೆ.'

'ಏನಂತ?'

'ಎಷ್ಟು ಜುಗ್ಗ ಬುದ್ಧಿ ಇವಳದ್ದು ಅಂತ.'

ಹೇಳಿದವಳು ತಕ್ಷಣ ಪುಸ್ತಕ ನೋಡಿದಳು. ಬಾಯಿಬಿಟ್ಟು ಹೇಳದ, ಜಿಪುಣತನದ, ಆರೋಪ. ಮೂರೂ ಅಲ್ಲೇ ಸಾಲಾಗಿ ಕೂತಿವೆ. ಆ ಪದಗಳು ಏನು ಹೇಳುತ್ತಿವೆಯೋ ಅದನ್ನು ಇವಳು ಆಗಲೇ ಹೇಳಿಯಾಗಿತ್ತು. ಪಾರ್ಸಿಮನಿ ಇನ್ನು ಅವಳಿಗೆ ಮರೆಯುವುದಿಲ್ಲ ಅಂತ ನನಗೆ ಗಟ್ಟಿ ನಂಬಿಕೆ. ಆ ಪದದ ಜೊತೆ ಡೆಲ್ಲಾಳ ಕೆಂಪಾದ ಕೆನ್ನೆ ಸೇರಿಕೊಂಡಿತು.

ಬುಲ್ಡೋಜ್ ಅಂದ ಕೂಡಲೇ ಅವಳ ಕಣ್ಣಿಗೆ ಬಂದದ್ದು ಮಣ್ಣು ತಳ್ಳುವ ದೊಡ್ಡ ಯಂತ್ರ. ಸಹಜ ತಾನೇ. ಆದರೆ ಈ ಕಥೆ ಅಚ್ಚಾದದ್ದು 1905ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಭಾನುವಾರದ ಪತ್ರಿಕೆಯೊಂದರಲ್ಲಿ. ನಾವು ಇವತ್ತು ನೋಡುವ ಯಂತ್ರಕ್ಕಿಂತ ಮುಂಚಿನಿಂದಲೂ ಆ ಪದ ಅಮೆರಿಕದಲ್ಲಿತ್ತು. ಹೆದರಿಸಿ, ಬೆದರಿಸಿ, ಮೇಲೆ ಬಿದ್ದು ಕೆಲಸ ಸಾಧಿಸುವುದು ಅನ್ನುವ ಅರ್ಥದಲ್ಲಿ. 'ಅಂದ್ರೆ ಡೆಲ್ಲಾ ಜೋರಿನವಳಾ?' ಅಂತ ಕೇಳಿದಳು. ಅಲ್ಲ ಅಂತ ಮುಂದಿನ ಪುಟ ಓದಿದರೆ ಗೊತ್ತಾಗುತ್ತದೆ. ಒಂದು ಪೆನ್ನಿಗಾಗಿ ಕಾಡಿ ಬೇಡುವುದಕ್ಕೆ ಇಷ್ಟು ದೊಡ್ಡ ಮಾತು ಹಾಕಿದ್ದಾರಲ್ಲ, ಅಲ್ಲೇ ಓ. ಹೆನ್ರಿ ಇರುವುದು. ಬಡತನದ ಪುಟ್ಟ ಪುಟ್ಟ ಸಂಗತಿಗಳಿಗೆ ಕೋರ್ಟು ಕಚೇರಿಯ ಗತ್ತಿನ ಪದ ತೊಡಿಸುತ್ತಾರೆ. ಅದರಲ್ಲಿ ನಗುವೂ ಇದೆ, ಪ್ರೀತಿಯೂ ಇದೆ. ಅರ್ಥದ ಪಟ್ಟಿಯಲ್ಲಿ ಇದು ಸಿಗುವುದಿಲ್ಲ ನೋಡಿ. ಜಿಪುಣತನ ಅಂತ ಬರೆದುಬಿಟ್ಟರೆ ಪದದ ಅರ್ಥ ಬಂತು. ಅದನ್ನು ಹೇಳಿದ ದನಿ ಎಲ್ಲಿ ಬಂತು?

ಹಾಗಂತ ಎಲ್ಲವನ್ನೂ ಊಹೆಯಿಂದಲೇ ತಿಳಿಯಬಹುದು ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೆಂಡಿಕೆನ್ಸಿ ಊಹೆಗೆ ಸಿಕ್ಕುವ ಪದವೇ ಅಲ್ಲ. ವಾರಕ್ಕೆ ಎಂಟು ಡಾಲರಿನ ಆ ಬಾಡಿಗೆ ಮನೆಯನ್ನು ವರ್ಣಿಸುವಾಗ ಅದು ಬರುತ್ತದೆ. ಅಲ್ಲಿ ಬೆಗರ್ ಅನ್ನುವುದನ್ನು ಕ್ರಿಯಾಪದವಾಗಿ ಬಳಸಿದ್ದಾರೆ. ವರ್ಣನೆಯನ್ನೇ ಭಿಕಾರಿ ಮಾಡುವುದು, ಅಂದರೆ ಬಣ್ಣಿಸಲು ಮಾತೇ ಸಾಲದು ಅನ್ನುವುದು. ಶೇಕ್ಸ್‌ಪಿಯರ್ ಕ್ಲಿಯೋಪಾತ್ರಳ ವೈಭವಕ್ಕೆ ಬಳಸಿದ ಮಾತು ಅದು. ಓ. ಹೆನ್ರಿ ಅದನ್ನು ತಂದು ಹಳೇ ಬಾಡಿಗೆ ಮನೆಗೆ ಹಚ್ಚಿದರು. ಸಾಲದ್ದಕ್ಕೆ, ಭಿಕಾರಿ ಅನ್ನುವ ಪದ ಬಂತಲ್ಲ, ಭಿಕ್ಷುಕರನ್ನು ಹಿಡಿಯುವ ಪೊಲೀಸ್ ದಳವನ್ನೂ ಹಿಂದೆಯೇ ಕರೆಸಿದರು. ಇದನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ಒಬ್ಬರು ಬೇಕು. ಇಲ್ಲವೇ ಒಳ್ಳೆಯ ಡಿಕ್ಷನರಿಯಾದರೂ ಬೇಕು. ಪುಟ್ಟಿಯ ಪಟ್ಟಿಯಲ್ಲಿ ಮೆಂಡಿಕೆನ್ಸಿ ಇತ್ತು, ಬೆಗರ್ ಇರಲಿಲ್ಲ. ಬೆಗರ್ ಗೊತ್ತಲ್ಲ ಅತ್ತೆ, ಅದ್ಯಾಕೆ ಬರೀಬೇಕು ಅಂದಳು.

ಅಷ್ಟರಲ್ಲಿ ತಮ್ಮನ ಫೋನು. 'ಅಕ್ಕಾ, ಅವಳಿಗೆ ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಸು. ವರ್ಷಕ್ಕೆ ಎಷ್ಟಾಯ್ತು ನೋಡು.'

ಇವನಿಗೆ ಹೇಗೆ ಹೇಳುವುದು. ಎಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ವಿಜ್ಞಾನಿ ಇದ್ದರು. ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಕಲಿತು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರು. ಒಂದು ಗಂಟೆ ಕಳೆಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಕಥೆ ಓದದೆ ಕಲಿತ ಇಂಪ್ಯುಟೇಶನ್ ಪುಟ್ಟಿಯ ಪಾಲಿಗೆ ಅಂಥದ್ದೇ ಒಂದು ಉಚ್ಚಾರ. ಆದರೆ ಅವರೇ ಇನ್ನೊಂದನ್ನೂ ತೋರಿಸಿದ್ದರು. ಒಂದೇ ದಿನ ಕೂತು ಉರು ಹೊಡೆಯುವುದಕ್ಕಿಂತ, ಕೆಲವು ದಿನಗಳಿಗೆ ಹಂಚಿ ಮತ್ತೆ ಮತ್ತೆ ನೋಡಿದರೆ ಕಡಿಮೆ ಶ್ರಮಕ್ಕೆ ಹೆಚ್ಚು ಉಳಿಯುತ್ತದೆ. ಅದಕ್ಕೆ ಪಟ್ಟಿಯೇ ಬೇಡ ಅಂತ ನಾನು ಹೇಳಲ್ಲ. ಕಥೆ ಆದ ಮೇಲೆ ಪಟ್ಟಿ ಬರಲಿ, ಪದದ ಮುಂದೆ ಅದು ಇದ್ದ ವಾಕ್ಯವೂ ಇರಲಿ. ತಮ್ಮ ಎಲ್ಲ ಕೇಳಿಸಿಕೊಂಡು 'ಸರಿ ಅಕ್ಕಾ, ಆದ್ರೂ ಹತ್ತು ಪದ...' ಅಂದ. ಅವನದ್ದೂ ಮಗಳ ಮೇಲಿನ ಕಾಳಜಿಯೇ.

ಫೋನಿಟ್ಟು ಬಂದರೆ ಇವಳು ಮೂರು ಪುಟ ಮುಂದೆ ಹೋಗಿದ್ದಾಳೆ! ನನ್ನನ್ನು ಕಾಯಲೇ ಇಲ್ಲ. ಡೆಲ್ಲಾ ಕೂದಲು ಮಾರಿಯಾಗಿದೆ, 20 ಡಾಲರ್ ಸಿಕ್ಕಿದೆ, ಗಂಡನ ಗಡಿಯಾರಕ್ಕೆ ಪ್ಲಾಟಿನಂ ಚೈನು ಕೊಂಡಾಗಿದೆ. ಎಷ್ಟು ಖುಷಿಯಾಯಿತು ಅಂದರೆ, ಒಂದು ಕ್ಷಣ ಅಲ್ಲೇ ನಿಂತು ಅವಳನ್ನು ನೋಡಿದೆ.

'ಅತ್ತೆ, ಈ ಚೈನು ಮೆರಿಟ್ರಿಶಸ್ ಅಲ್ಲ ಅಂತಾನೆ. ಮೆರಿಟ್ ಇಲ್ವಾ ಅದಕ್ಕೆ? ಅಷ್ಟು ದುಡ್ಡು ಕೊಟ್ಲಲ್ಲ!'

ಎಂಥ ಒಳ್ಳೆಯ ಪ್ರಶ್ನೆ. ಪದದ ಮುಖ ನೋಡಿದರೆ ಯಾರಿಗಾದರೂ ಮೆರಿಟ್ ಅಂತಲೇ ಅನ್ನಿಸುತ್ತದೆ. ವಾಕ್ಯವನ್ನೇ ಮತ್ತೆ ಓದಿಸಿದೆ. ತನ್ನ ಬೆಲೆಯನ್ನು ಸತ್ವದಿಂದಲೇ ತೋರಿಸುವ ಚೈನು, ಆ ಇನ್ನೊಂದು ಬಗೆಯ ಅಲಂಕಾರದಿಂದ ಅಲ್ಲ. ಹಾಗಾದರೆ ಆ ಇನ್ನೊಂದು ಬಗೆ ಯಾವುದಿರಬೇಕು? ಸ್ವಲ್ಪ ಹೊತ್ತು ತುಟಿ ಕಚ್ಚಿಕೊಂಡು ಕೂತಳು. 'ಮೇಲೆ ಮಾತ್ರ ಮಿಂಚೋದು, ಒಳಗೇನೂ ಇಲ್ಲದ್ದು.' ಥಳುಕು! ಅಷ್ಟೇ ಕಣೇ ಅಂದೆ. ಮೆರಿಟ್, ಮೆರಿಟ್ರಿಶಸ್ ಎರಡರ ಬೇರೂ ಒಂದೇ. ಗಳಿಸು ಅನ್ನುವ ಅರ್ಥದ ಲ್ಯಾಟಿನ್ ಧಾತು. ಒಂದು ಯೋಗ್ಯತೆಯ ಕಡೆಗೆ ಹೋಯಿತು. ಇನ್ನೊಂದು, ಮೈ ಮಾರಿ ಗಳಿಸುವವಳಿಗೆ ಲ್ಯಾಟಿನ್ನಿನಲ್ಲಿದ್ದ ಹೆಸರಿನಿಂದ ಬಂತು. ಇದನ್ನು ಪುಟ್ಟಿಗೆ ಹೇಳಲಿಲ್ಲ. ಇನ್ನು ಸ್ವಲ್ಪ ವರ್ಷ ಹೋಗಲಿ.

ಅದೇ ವಾಕ್ಯದಲ್ಲಿ ಚೈನನ್ನು ಚೇಸ್ಟ್ ಅಂದಿದ್ದಾರೆ. ಇವಳ ಡಿಕ್ಷನರಿಯಲ್ಲಿ ಮೊದಲು ಸಿಕ್ಕ ಅರ್ಥ ಪತಿವ್ರತೆ. ಚೈನು ಹೇಗೆ ಪತಿವ್ರತೆ ಆಗುತ್ತೆ ಅಂತ ಗೊಂದಲ. ಸರಳ, ಅತಿ ಅಲಂಕಾರ ಇಲ್ಲದ್ದು ಅನ್ನುವುದು ಕೆಳಗೆಲ್ಲೋ ಕೊನೆಯಲ್ಲಿತ್ತು. ಮೊದಲ ಅರ್ಥಕ್ಕೇ ತೃಪ್ತಿಪಟ್ಟು ಪುಟ ಮುಚ್ಚಬಾರದು ಅಂತ ಅವಳಿಗೇ ಅನ್ನಿಸಿತು, ನಾನು ಹೇಳಬೇಕಾಗಲಿಲ್ಲ.

ಜಿಮ್ ಮನೆಗೆ ಬಂದು ಹೆಂಡತಿಯ ಕತ್ತರಿಸಿದ ಕೂದಲು ನೋಡಿ ದಂಗಾಗಿ ನಿಲ್ಲುತ್ತಾನಲ್ಲ, ಅಲ್ಲಿ ಪೇಟೆಂಟ್ ಬಂತು. ಕೂದಲು ಹೋಗಿದೆ ಅನ್ನುವ ಪೇಟೆಂಟ್ ಸಂಗತಿ ಅವನ ತಲೆಗೆ ಇನ್ನೂ ಹೋಗಿಲ್ಲವಂತೆ. 'ಪೇಟೆಂಟ್ ಅಂದ್ರೆ ಹೊಸ ಯಂತ್ರ ಕಂಡುಹಿಡಿದವ್ರು ತಗೊಳ್ಳೋದಲ್ವಾ?' ಹೌದು, ಅದೂ ಇದೂ ಒಂದೇ ಮೂಲ. ತೆರೆದಿರುವುದು ಅನ್ನುವ ಲ್ಯಾಟಿನ್ ಪದ. ಹಿಂದೆ ರಾಜರು ಯಾರಿಗಾದರೂ ಹಕ್ಕು ಕೊಟ್ಟಾಗ ಮುಚ್ಚದ ಓಲೆಯಲ್ಲಿ ಬರೆಯುತ್ತಿದ್ದರು, ಎಲ್ಲರೂ ಓದಲಿ ಅಂತ. ಅಲ್ಲಿಂದ ಯಂತ್ರದ ಪೇಟೆಂಟ್. ಕಣ್ಣಿಗೆ ರಾಚುವಂತೆ ತೆರೆದಿರುವ ಸಂಗತಿಯೂ ಪೇಟೆಂಟ್. ಇಂಥವೇ ನಿಜಕ್ಕೂ ಕಷ್ಟದ ಪದಗಳು ಅಂತ ನನಗೆ ಇವತ್ತು ಬಲವಾಗಿ ಅನ್ನಿಸಿತು. ಮೆಂಡಿಕೆನ್ಸಿ ಬಂದರೆ ನಿಲ್ಲುತ್ತೇವೆ, ಹುಡುಕುತ್ತೇವೆ. ಗೊತ್ತಿರುವ ಪದ ಬಂದರೆ ಯಾರೂ ನಿಲ್ಲುವುದಿಲ್ಲ. ಬೆಗರ್, ಪೇಟೆಂಟ್ ಯಾವ ಪಟ್ಟಿಗೂ ಬರುವುದಿಲ್ಲ.

ಓ. ಹೆನ್ರಿ 15ನೇ ವಯಸ್ಸಿಗೇ ಶಾಲೆ ಬಿಟ್ಟವರು ಅಂದರೆ ಇವಳು ನಂಬಲೇ ಇಲ್ಲ. ಟೆಕ್ಸಸ್ಸಿನಲ್ಲಿ ಕುರಿ ಸಾಕುವ ಜಾಗದಲ್ಲಿದ್ದಾಗ ವೆಬ್‌ಸ್ಟರ್ ಡಿಕ್ಷನರಿಯನ್ನು ಕಥೆಪುಸ್ತಕದ ಹಾಗೆ ಓದುತ್ತಿದ್ದರಂತೆ. 'ಅವರಿಗೂ ಪುಸ್ತಕದಿಂದಲೇ ಬಂತಾ ಇದೆಲ್ಲಾ?' ಅಂದಳು. ಆ ಪ್ರಶ್ನೆಯಲ್ಲಿ ಒಂದು ಸಮಾಧಾನ ಕೇಳಿಸಿತು ನನಗೆ.

ಇನ್ನೊಂದು ಬರೆಯಲೇಬೇಕು. ಕಥೆ ಮುಗಿಸಿದ ಮೇಲೆ, ಯಾವ ವಾಕ್ಯ ಇಷ್ಟವಾಯಿತು ಅಂತ ಕೇಳಿದೆ. ಡೆಲ್ಲಾ ಅತ್ತು ಕಣ್ಣೊರೆಸಿಕೊಂಡು ಕಿಟಕಿಯ ಹತ್ತಿರ ಬಂದು ನಿಲ್ಲುವ ಜಾಗ ತೋರಿಸಿದಳು. ಬೂದು ಬಣ್ಣದ ಹಿತ್ತಲು, ಬೂದು ಬೇಲಿ, ಅದರ ಮೇಲೆ ನಡೆಯುವ ಬೂದು ಬೆಕ್ಕು. ಒಂದೇ ಒಂದು ಕಷ್ಟದ ಪದ ಇಲ್ಲ ಅದರಲ್ಲಿ. 'ಎಲ್ಲಾನೂ ಯಾಕೆ ಬೂದು ಅಂತ ಮೊದಲು ಗೊತ್ತಾಗಲಿಲ್ಲ ಅತ್ತೆ. ಅವಳಿಗೆ ಹಾಗೆ ಕಾಣಿಸ್ತಿದೆ ಅಲ್ವಾ?'

ಇದಕ್ಕೆ ಯಾವ ಡಿಕ್ಷನರಿ ಬೇಕು ಹೇಳಿ. ಇಂಗ್ಲಿಷ್ ತಲೆಗೆ ಹತ್ತದ ಹುಡುಗಿ ಕೇಳುವ ಪ್ರಶ್ನೆಯೇ ಇದು?

ಈಗ ನನ್ನ ಯೋಚನೆ ಏನೆಂದರೆ, ಮುಂದೆ ಯಾವ ಕಥೆ ಕೊಡುವುದು. ಐವತ್ತಕ್ಕೆ ಒಂದರ ಲೆಕ್ಕ ಹಿಡಿದರೆ ಇನ್ನೂ ಸುಲಭದ್ದು ಕೊಡಬೇಕು. ಆಗ ತಾನೇ ಒಬ್ಬಳೇ ಕೂತು ಓದುತ್ತಾಳೆ, ಯಾರನ್ನೂ ಕೇಳಬೇಕಾಗಿಲ್ಲ. ಅದೂ ಮುಖ್ಯವೇ. ಆದರೆ ಮೆರಿಟ್ರಿಶಸ್ ಮುಂದೆ ತುಟಿ ಕಚ್ಚಿಕೊಂಡು ಕೂತು ಉತ್ತರ ತೆಗೆದಳಲ್ಲ, ಅದು ಸುಲಭದ ಕಥೆಯಲ್ಲಿ ಸಿಗುತ್ತದಾ? ವಾರಕ್ಕೆ ಒಂದು ಕಷ್ಟದ್ದು ನನ್ನ ಜೊತೆ, ಉಳಿದ ದಿನ ಸುಲಭದ್ದು ಅವಳಷ್ಟಕ್ಕೆ, ಹೀಗೆ ಮಾಡಬಹುದೇನೋ. ಆದರೆ ಶಾಲೆಯ ಪರೀಕ್ಷೆಯಲ್ಲಿ ಅರ್ಥ ಬರೆಯಿರಿ ಅಂತಲೇ ಕೇಳುತ್ತಾರೆ, ಅದಕ್ಕೆ ಸಮಯ ಎಲ್ಲಿಂದ ತರುವುದು. ಬೆಳಗ್ಗೆ ತಮ್ಮನಿಗೇ ಫೋನು ಮಾಡಿ ಕೇಳಬೇಕು, ಅವನು ಭಾನುವಾರ ಬಿಡುವು ಮಾಡಿಕೊಂಡು ಅವಳ ಜೊತೆ ಒಂದರ್ಧ ಗಂಟೆ ಕೂತರೆ...